ಮೂರು ವಾರದ ರಜೆ

1938ರ ಡಿಸೆಂಬರ್ ತಿಂಗಳು. ಲಂಡನ್ನಿನ ಷೇರುಪೇಟೆಯಲ್ಲಿ ದಳ್ಳಾಳಿಯಾಗಿದ್ದ ನಿಕೋಲಸ್ ವಿಂಟನ್ ಎಂಬ 29 ವರ್ಷದ ತರುಣನು ರಜೆಗೆಂದು ಸ್ವಿಟ್ಸರ್ಲೆಂಡಿಗೆ ಹೊರಡುವ ಸನ್ನಾಹದಲ್ಲಿದ್ದನು. ಹಿಮದ ಇಳಿಜಾರಿನಲ್ಲಿ ಜಾರುವ ಆಟವೆಂದರೆ ಆತನಿಗೆ ಬಲು ಪ್ರೀತಿ. ಜೊತೆಗೆ ಬರಬೇಕಾಗಿದ್ದವನು ಮಾರ್ಟಿನ್ ಬ್ಲೇಕ್ ಎಂಬ ಗೆಳೆಯ, ವೆಸ್ಟ್‌ಮಿನ್‌ಸ್ಟರ್ ಶಾಲೆಯ ಉಪಾಧ್ಯಾಯ. ಹೊರಡುವ ಮುನ್ನ ಆ ಗೆಳೆಯನಿಂದಲೇ ಟೆಲಿಫೋನ್ ಬಂತು. ಸ್ವಿಟ್ಸರ್ಲೆಂಡಿನ ಯೋಚನೆ ರದ್ದಾಯಿತು, ತಾನು ಪ್ರಾಗ್ ನಗರಕ್ಕೆ ಹೋಗುತ್ತಿರುವೆ, ನೀನೂ ಅಲ್ಲಿಗೇ ಬಾ, ಜಾರುವ ಹಲಗೆಗಳನ್ನು ತರುವ ಅಗತ್ಯವಿಲ್ಲ ಎಂಬುದು ಅದರ ಸಾರಾಂಶ. ಏತಕ್ಕೆಂದು ಗೆಳೆಯ ಬಿಡಿಸಿ ಹೇಳಲಿಲ್ಲ. ವಿಂಟನ್ ಹೆಚ್ಚು ಕೇಳಲೂ ಇಲ್ಲ. ಹಲಗೆಗಳನ್ನು ಮನೆಯಲ್ಲಿಯೇ ಬಿಟ್ಟು ಹೊರಟನು.

ಮಹಾಕಾರ್ಯಗಳನ್ನು ಮಾಡಿದವರ ಜೀವನವನ್ನು ಬರೆಯುವವರಿಗೆ ಒಂದು ಚಾಪಲ್ಯವುಂಟು. ಬಾಲ್ಯದಲ್ಲಿಯೇ ಅವರ ಹಣೆಯ ಮೇಲೆ ತೇಜಸ್ಸನ್ನು ಕಾಣಿಸಿಬಿಡುತ್ತಾರೆ. ವಿಂಟನ್ನನ ವಿಷಯದಲ್ಲಿ ಇದಕ್ಕೆ ಆಸ್ಪದವಿಲ್ಲ. ಆತ ಶಾಲೆಯನ್ನು ಯಾವ ಅರ್ಹತಾಪತ್ರವೂ ಇಲ್ಲದೆ ಬಿಟ್ಟವನು. ಹ್ಯಾಂಬರ್ಗ್, ಬರ್ಲಿನ್, ಪ್ಯಾರಿಸ್ ನಗರಗಳ ಬ್ಯಾಂಕುಗಳಲ್ಲಿ ಕೆಲಸ ಕಲಿತು, ಅಷ್ಟರಮಟ್ಟಿಗೆ ಜರ್ಮನ್, ಫ್ರೆಂಚ್ ಭಾಷೆಗಳನ್ನೂ ಕಲಿತು, ಲಂಡನ್ನಿಗೆ ಹಿಂದಿರುಗಿ ದಳ್ಳಾಳಿಯಾದವನು. ಕತ್ತಿವರಸೆಯ ಹುಚ್ಚೂ ಇತ್ತು. ಆದರೆ ಒಂದು ಮಾತು. ಆತನ ತಂದೆತಾಯಿಗಳು ಜರ್ಮನಿಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಯೆಹೂದಿ ಮೂಲದವರು. ಮನೆತನದ ಹೆಸರು ಮೊದಲು ವೆರ್ಥೈಮ್ ಎಂದಿತ್ತು. ಕುಟುಂಬವು ಕ್ರೈಸ್ತಮತಕ್ಕೆ ಸೇರಿದ್ದರೂ ಹಿಟ್ಲರನ ಆಳ್ವಿಕೆಯೆಂದರೇನೆಂಬುದನ್ನು ಆ ಮನೆಯವರಿಗೆ ಪತ್ರಿಕೆಗಳು ತಿಳಿಸಿಕೊಡಬೇಕಾಗಿರಲಿಲ್ಲ.

ಪ್ರಾಗ್ ಅಂದು ಚೆಕೋಸ್ಲೊವಾಕಿಯದ ರಾಜಧಾನಿ. ಆ ವರ್ಷದ ಸೆಪ್ಟೆಂಬರಿನ ಕೊನೆಯಲ್ಲಿ ಮ್ಯೂನಿಕ್ಕಿನಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿಗಳು ಕೂಡಿ ಆ ದೇಶದ ಗಡಿನಾಡಾದ ಸುಡೆಟನ್ ಪ್ರಾಂತವನ್ನು ಹಿಟ್ಲರನಿಗೆ ಒಪ್ಪಿಸಿದ್ದವು. ಆ ಒಪ್ಪಂದಕ್ಕೆ ಚೆಕೋಸ್ಲೊವಾಕಿಯವನ್ನು ಕರೆದಿರಲೇ ಇಲ್ಲ. ಮನೆಯ ಯಜಮಾನನನ್ನು ಹೊರಗೆ ನಿಲ್ಲಿಸಿ ನೆರೆಯವರು ಕೂಡಿ ಆಸ್ತಿ ಪಾಲುಮಾಡಿದಂತಾಯಿತು. ಗಡಿನಾಡಿನ ಯೆಹೂದಿಗಳೂ ಹಿಟ್ಲರನ ರಾಜಕೀಯ ವಿರೋಧಿಗಳೂ ಉಟ್ಟ ಬಟ್ಟೆಯಲ್ಲಿಯೇ ಒಳನಾಡಿಗೆ ಓಡಿಬಂದರು. ಪ್ರಾಗಿನ ಸುತ್ತ ನಿರಾಶ್ರಿತರ ಶಿಬಿರಗಳೆದ್ದವು. ಹಿಮ ಬೀಳುವ ಚಳಿಗಾಲ. ಮಕ್ಕಳಿಗೆ ಹೊದೆಯಲು ಸಾಲದಷ್ಟು ಬಟ್ಟೆ.

ಅಲ್ಲಿ ಬ್ರಿಟಿಷ್ ಸಹಾಯಸಮಿತಿಯ ಕೆಲಸವನ್ನು ಹೊತ್ತುಕೊಂಡಿದ್ದವಳು ಡೊರೀನ್ ವಾರಿನರ್ ಎಂಬ ಅರ್ಥಶಾಸ್ತ್ರದ ವಿದುಷಿ, ಲಂಡನ್ ವಿಶ್ವವಿದ್ಯಾನಿಲಯದ ಅಧ್ಯಾಪಕಿ. ಆಕೆಯದೂ ಬಿಟ್ಟುಬಂದ ಪ್ರವಾಸವೇ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಸಂಶೋಧನೆ ನಡೆಸಲು ವಿದ್ಯಾರ್ಥಿವೇತನ ದೊರೆತು, ಹೊರಡುವ ಏರ್ಪಾಡೂ ಆಗಿದ್ದಾಗ ಅದನ್ನು ಬದಿಗೊತ್ತಿ ಅಕ್ಟೋಬರಿನಲ್ಲಿಯೇ ಪ್ರಾಗಿಗೆ ಬಂದಿಳಿದಿದ್ದಳು. ಜೀವಕ್ಕೆ ತತ್‌ಕ್ಷಣ ಅಪಾಯವಿದ್ದ ರಾಜಕೀಯ ನಿರಾಶ್ರಿತರನ್ನು ಸಾಗಿಸುವುದರಲ್ಲಿಯೇ ಆಕೆಗೆ ಹಗಲಿರುಳು ಸಾಲದಾಗಿತ್ತು. ಶಿಬಿರಗಳಲ್ಲಿದ್ದ ಮಕ್ಕಳ ಗತಿಯನ್ನು ಪ್ರತ್ಯೇಕವಾಗಿ ನೋಡುವವರೇ ಇರಲಿಲ್ಲ. ನವೆಂಬರಿನಲ್ಲಿ ಜರ್ಮನಿಯ ಯೆಹೂದಿಗಳ ಮೇಲೆ ನಡೆದ ಭಯಂಕರ ಹಾವಳಿಯ ತರುವಾಯ ಬ್ರಿಟಿಷ್ ಸರಕಾರವು 17 ವರ್ಷ ತುಂಬದ ಮಕ್ಕಳಿಗೆ ಬಾಗಿಲು ತೆರೆದಿತ್ತು. ಜರ್ಮನಿ, ಆಸ್ಟ್ರಿಯಗಳಿಂದ ಮಕ್ಕಳನ್ನು ಕರೆತರುವ ವ್ಯವಸ್ಥೆಯೂ ಆಗಿತ್ತು. ಚೆಕೋಸ್ಲೊವಾಕಿಯದ ಮಕ್ಕಳಿಗೆ ಮಾತ್ರ ಅಂಥ ವ್ಯವಸ್ಥೆಯಿರಲಿಲ್ಲ. ಶಿಬಿರಗಳನ್ನು ಸುತ್ತಿ ನೋಡಿದ ವಿಂಟನ್ ಆ ಕೆಲಸವನ್ನು ತನ್ನದೆಂದು ತೆಗೆದುಕೊಂಡನು.

ವೆನ್ಸೆಸ್ಲಾಸ್ ಚೌಕದಲ್ಲಿ ಆತ ಇಳಿದುಕೊಂಡಿದ್ದ ಹೋಟೆಲಿನ ಊಟದ ಮೇಜೇ ಕಚೇರಿಯಾಯಿತು. ಬೆಳಕು ಹರಿಯುವ ಮೊದಲೇ ತಾಯಿತಂದೆಗಳು ಸಾಲಾಗಿ ಬಂದು ನಿಲ್ಲುತ್ತಿದ್ದರು. ಮಗುವಿನ ಹೆಸರು, ವಯಸ್ಸು, ಒಂದು ಭಾವಚಿತ್ರ, ವಿಂಟನ್ ಬರೆದುಕೊಳ್ಳುವನು. ಅವರು ಕೇಳುತ್ತಿದ್ದುದು ತಮ್ಮ ಪ್ರಯಾಣಕ್ಕಾಗಿ ಅಲ್ಲ. ಕಂಡರಿಯದ ದೇಶಕ್ಕೆ, ಕೇಳರಿಯದ ಭಾಷೆಯ ಮನೆಗೆ, ತಮ್ಮ ಮಗುವೊಂದನ್ನು ಒಯ್ಯಿರೆಂದು ಬೇಡುತ್ತಿದ್ದರು. ಕೈಯಲ್ಲಿ ಅಧಿಕಾರವಿಲ್ಲದ, ಹಣವಿಲ್ಲದ, ರಜೆಯ ಮೇಲೆ ಬಂದಿದ್ದ ಗುಮಾಸ್ತನಂಥ ತರುಣನೊಬ್ಬನ ಮುಂದೆ.

ಇಲ್ಲಿಯೇ ಆತನ ದಳ್ಳಾಳಿತನ ಕೆಲಸಕ್ಕೆ ಬಂದುದು. ಪ್ರಾಗಿನಲ್ಲಿ ನಿರಾಶ್ರಿತರ ಒಂದೊಂದು ಪಂಗಡಕ್ಕೂ ಒಂದೊಂದು ಸಮಿತಿಯಿದ್ದಿತು. ಯೆಹೂದಿಗಳದೊಂದು, ಕ್ಯಾಥೊಲಿಕರದೊಂದು, ಕಮ್ಯೂನಿಸ್ಟರದೊಂದು, ಹೀಗೆ. ಪ್ರತಿಯೊಂದಕ್ಕೂ ತನ್ನ ಮಕ್ಕಳೇ ಮೊದಲು ಹೋಗಬೇಕೆಂಬ ಹಟ. ಯಾರೂ ತಮ್ಮ ಪಟ್ಟಿಯನ್ನು ಕೊಡರು. ವಿಂಟನ್ ಒಂದು ಉಪಾಯ ಹೂಡಿದನು. ಬೇರೊಂದು ಸಮಿತಿಯ ಪಟ್ಟಿ ತನ್ನ ಕೈಸೇರಿದೆ, ನಿಮ್ಮದು ಬಾರದಿದ್ದರೆ ಅದನ್ನೇ ಹಿಡಿದು ಮುಂದುವರಿಯುವೆನೆಂದು ಪ್ರತಿಯೊಬ್ಬರಿಗೂ ತಿಳಿಸಿದನು. ಪಟ್ಟಿಗಳೆಲ್ಲ ಬಂದು ಬಿದ್ದವು. ಇದನ್ನು ಸುಳ್ಳೆನ್ನುವವರು ಎನ್ನಲಿ. ಧರ್ಮಸಂಸ್ಥೆಗಳ ಪೈಪೋಟಿಯನ್ನು ಬಲ್ಲವರು ನಕ್ಕು ಸುಮ್ಮನಾಗುವರು.

ಮೂರು ವಾರ ಮುಗಿಯಿತು. ಜನವರಿಯಲ್ಲಿ ಆತ ಲಂಡನ್ನಿಗೆ ಹಿಂದಿರುಗಬೇಕಾಯಿತು. ಷೇರುಪೇಟೆಯ ಯಜಮಾನರು ಎಷ್ಟು ದಿನವೆಂದು ಕಾದಾರು? ಆದರೆ ಪ್ರಾಗಿನಲ್ಲಿ ಉಳಿದು ಕೆಲಸ ನಡೆಸಬಲ್ಲವನೊಬ್ಬನು ಆ ವೇಳೆಗೆ ದೊರೆತಿದ್ದನು.

ಆತನೇ ಟ್ರೆವರ್ ಚ್ಯಾಡ್ವಿಕ್. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸ್ವಾನೇಜ್ ಊರಿನಲ್ಲಿ ಮನೆತನದವರು ನಡೆಸುತ್ತಿದ್ದ ಚಿಕ್ಕ ಶಾಲೆಯ ಮಾಸ್ತರ. ನಿರಾಶ್ರಿತ ಬಾಲಕರಿಬ್ಬರಿಗೆ ತಮ್ಮ ಶಾಲೆಯಲ್ಲಿ ಆಶ್ರಯ ಕೊಡಬೇಕೆಂದು, ಅವರನ್ನು ಆರಿಸಿ ತರಲು ಪ್ರಾಗಿಗೆ ಬಂದವನು. ಇಬ್ಬರನ್ನು ಆರಿಸಿದನು, ಆದರೆ ಆರಿಸದೆ ಬಿಟ್ಟ ಮಕ್ಕಳ ಮುಖಗಳು ಆತನ ಹಿಂದೆಯೇ ಇಂಗ್ಲೆಂಡಿಗೆ ಬಂದಿರಬೇಕು. ಬಾಲಕರನ್ನು ಮನೆ ಸೇರಿಸಿ ಆತ ಮರಳಿ ಪ್ರಾಗಿಗೇ ಹೋದನು. ಮುಂದಿನ ತಿಂಗಳುಗಳಲ್ಲಿ ಶಿಬಿರಗಳಿಗೆ ಅಲೆದು ಮಕ್ಕಳನ್ನು ಗುರುತಿಸುವುದು, ತಾಯಂದಿರನ್ನು ಸಂತೈಸುವುದು, ಕಚೇರಿಗಳ ಮುಂದೆ ಕಾಯುವುದು, ಗಾಡಿ ಹತ್ತಿಸುವುದು ಎಲ್ಲವೂ ಆತನ ಪಾಲಿಗೆ ಬಂತು.

ಲಂಡನ್ನಿನಲ್ಲಿ ವಿಂಟನ್ನನಿಗಿದ್ದ ಕೆಲಸ ಮತ್ತೊಂದು ಬಗೆಯದು. ಪ್ರತಿ ಮಗುವಿಗೂ ಆಶ್ರಯ ಕೊಡುವ ಒಂದು ಕುಟುಂಬ ಬೇಕು. ಜೊತೆಗೆ ಮುಂದೆ ಆ ಮಗುವನ್ನು ಸ್ವದೇಶಕ್ಕೆ ಕಳುಹಿಸುವ ವೆಚ್ಚಕ್ಕೆಂದು 50 ಪೌಂಡುಗಳ ಠೇವಣಿ ಬೇಕು. ಆ ಕಾಲದ ವಿನಿಮಯದಲ್ಲಿ ಇದು ನಮ್ಮ ಸುಮಾರು 667 ರೂಪಾಯಿ. ಇಂಗ್ಲೆಂಡಿನ ಕೂಲಿಕಾರನೊಬ್ಬನ ಮೂರು ತಿಂಗಳ ಸಂಪಾದನೆಗೂ ಮಿಗಿಲು. ಇವೆರಡೂ ಸಿದ್ಧವಾದ ಮೇಲೆ ಗೃಹಖಾತೆಯ ಪರವಾನಗಿ. ಪರವಾನಗಿಯಿಲ್ಲದ ಮಗುವನ್ನು ಹಾಲೆಂಡ್ ದೇಶವು ತನ್ನ ಗಡಿಯೊಳಕ್ಕೆ ಬಿಡದು. ಹಾಲೆಂಡನ್ನು ದಾಟದೆ ಹಡಗಿಲ್ಲ.

ಹಗಲು ಮಧ್ಯಾಹ್ನದವರೆಗೆ ಷೇರುಪೇಟೆ, ಆಮೇಲೆ ಮಧ್ಯರಾತ್ರಿಯವರೆಗೆ ಮಕ್ಕಳ ಕಾಗದಪತ್ರಗಳು. ಸಹಾಯಕ್ಕೆ ತಾಯಿ ಬಾರ್ಬರಾ ಮತ್ತು ಕೆಲವರು ಸ್ವಯಂಸೇವಕರು. ಸರಕಾರದ ಕಣ್ಣಿಗೆ ಇವರು ಯಾರೂ ಅಲ್ಲ. ಆದಕಾರಣ ವಿಂಟನ್, ನಿರಾಶ್ರಿತರ ಸಮಿತಿಯ ಹೆಸರು ಅಚ್ಚಾಗಿದ್ದ ಕಾಗದವನ್ನು ತೆಗೆದುಕೊಂಡು, ಅದರ ಕೆಳಗೆ ‘ಮಕ್ಕಳ ವಿಭಾಗ’ ಎಂದು ತಾನೇ ಸೇರಿಸಿ ಅಚ್ಚುಹಾಕಿಸಿದನು. ಆ ವಿಭಾಗಕ್ಕೆ ಆತನೇ ಮುಖ್ಯಸ್ಥ. ಕೆಲಕಾಲದಲ್ಲಿ ಸಮಿತಿಯವರೂ ಅದನ್ನು ಒಪ್ಪಿಕೊಂಡರು. ನಡೆಯುತ್ತಿದ್ದ ಕೆಲಸವನ್ನು ಇಲ್ಲವೆನ್ನುವುದು ಅವರಿಗೂ ಕಷ್ಟವಾಗಿದ್ದಿರಬೇಕು.

ಕುಟುಂಬಗಳನ್ನು ಹುಡುಕಲು ಆತ ಕಂಡುಕೊಂಡ ವಿಧಾನವು ಇಂದಿಗೂ ಓದುವವರ ಮನಸ್ಸನ್ನು ಇರಿಯುವಂಥದು. ಹಲವು ಮಕ್ಕಳ ಭಾವಚಿತ್ರಗಳನ್ನು ಒಂದು ರಟ್ಟಿನ ಮೇಲೆ ಅಚ್ಚುಮಾಡಿಸಿ, ಹೆಸರು ವಯಸ್ಸುಗಳನ್ನು ಕೊಟ್ಟು, ಇಚ್ಛಿಸಿದವರಿಗೆ ಕಳುಹಿಸುವುದು. ಅವರು ನೋಡಿ ಒಂದು ಮಗುವನ್ನು ಆರಿಸಿಕೊಳ್ಳುವುದು. ಅಂಗಡಿಯ ಪಟ್ಟಿಯಿಂದ ಸಾಮಾನು ಆರಿಸಿದಂತೆ! ಹೆಣ್ಣುಮಕ್ಕಳಿಗೂ ಚಿಕ್ಕವರಿಗೂ ಬೇಗ ಮನೆ ದೊರೆಯುತ್ತಿತ್ತು. ಮೀಸೆ ಮೊಳೆಯುತ್ತಿದ್ದ ಹುಡುಗರಿಗೆ ದೊರೆಯುವುದು ಕಷ್ಟವಾಗುತ್ತಿತ್ತು. ಇದು ವ್ಯಾಪಾರದ ರೀತಿಯೆಂಬುದನ್ನು ವಿಂಟನ್ ಅಲ್ಲಗಳೆಯಲಿಲ್ಲ. ಇದರಿಂದ ಕೆಲಸ ಬೇಗ ಆಗುತ್ತದೆ, ಬೇಗ ಆಗುವುದೊಂದೇ ಈಗ ಮುಖ್ಯ ಎಂಬುದು ಆತನ ನಿಲುವು. ಯೆಹೂದಿ ಮಕ್ಕಳನ್ನು ಕ್ರೈಸ್ತರ ಮನೆಗಳಿಗೆ ಕೊಡುವುದೇಕೆಂದು ಕೆಲವರು ಧರ್ಮಗುರುಗಳು ಆಕ್ಷೇಪಿಸಿ ಬಂದಾಗಲೂ ಆತ ಜಗ್ಗಲಿಲ್ಲ. ಕ್ರೈಸ್ತರ ಮನೆಯಲ್ಲಿ ಬದುಕಿರುವ ಮಗುವಿಗಿಂತ ಸತ್ತ ಮಗುವೇ ಮೇಲೆನ್ನುವುದಾದರೆ ಅದು ನಿಮ್ಮ ಚಿಂತೆ, ತನ್ನದಲ್ಲ ಎಂಬರ್ಥದ ಉತ್ತರ ಕೊಟ್ಟು ಕಳುಹಿಸಿದನು. ಧರ್ಮಗುರುಗಳ ಕಳವಳವನ್ನು ಹಗುರವೆಂದು ತಳ್ಳಿಬಿಡುವಂತಿಲ್ಲ. ಒಂದು ಜನಾಂಗದ ಆಚಾರ ಅಳಿಯುವ ಭಯ ಅದು. ಆದರೆ ಆ 1939ರ ವಸಂತದಲ್ಲಿ ಎರಡನ್ನೂ ತೂಗಿ ನೋಡುವಷ್ಟು ಸಮಯವನ್ನು ಹಿಟ್ಲರನು ಯಾರಿಗೂ ಕೊಟ್ಟಿರಲಿಲ್ಲ.

ಬೇರೆ ದೇಶಗಳಿಗೂ ಪತ್ರಗಳು ಹೋದವು. ಸ್ವೀಡನ್ ಕೆಲವು ಮಕ್ಕಳನ್ನು ಸ್ವೀಕರಿಸಿತು. ಮೇ ತಿಂಗಳಲ್ಲಿ ವಿಂಟನ್ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರಿಗೇ ಬರೆದನು. ಪ್ರಚಲಿತ ಕಾನೂನನ್ನು ಮೀರಿ ಏನನ್ನೂ ಮಾಡಲಾಗದೆಂಬ ಉತ್ತರ ಲಂಡನ್ನಿನ ರಾಯಭಾರಿ ಕಚೇರಿಯ ಮೂಲಕ ಬಂತು. ಪ್ರಾಗಿನ ಮಕ್ಕಳು ಗಾಡಿ ಹತ್ತುತ್ತಿದ್ದ ನಿಲ್ದಾಣದ ಹೆಸರು ವಿಲ್ಸನ್ ನಿಲ್ದಾಣ. ಮೊದಲನೆಯ ಮಹಾಯುದ್ಧದ ಕಾಲದ ಅಮೆರಿಕದ ಅಧ್ಯಕ್ಷರ ಗೌರವಾರ್ಥವಾಗಿ ಚೆಕ್ ಜನರು ಇಟ್ಟ ಹೆಸರು ಅದು!

ಮೊದಲನೆಯ ತಂಡ ಹೋದುದು ವಿಮಾನದಲ್ಲಿ, 1939ರ ಮಾರ್ಚ್ 14ರಂದು. ಇಪ್ಪತ್ತು ಮಕ್ಕಳು, ಜೊತೆಯಲ್ಲಿ ಚ್ಯಾಡ್ವಿಕ್. ವಿಮಾನದಲ್ಲಿ ಕೊಟ್ಟ ಪುಟ್ಟ ಕಾಗದದ ಚೀಲಗಳ ಮೋಹಕ್ಕೇ ಮಕ್ಕಳೆಲ್ಲ ಖುಷಿಯಿಂದ ವಾಂತಿಮಾಡಿಕೊಂಡರೆಂದೂ, ಒಂದು ವರ್ಷದ ಕೂಸೊಂದು ಮಾತ್ರ ತನ್ನ ತೊಡೆಯ ಮೇಲೆ ನೆಮ್ಮದಿಯಾಗಿ ನಿದ್ರಿಸಿತೆಂದೂ ಆತ ಮುಂದೆ ನೆನೆದಿದ್ದಾನೆ. ಮುಂದೆ ಇಂಗ್ಲಿಷಿನಲ್ಲಿ ಕವಿಯಿತ್ರಿಯೆಂದು ಹೆಸರಾದ ಗೆರ್ಡಾ ಮೇಯರ್ ಆ ವಿಮಾನದಲ್ಲಿದ್ದ ಹನ್ನೊಂದು ವರ್ಷದ ಹುಡುಗಿ. ಮರುದಿನ, ಮಾರ್ಚ್ 15ರಂದು, ಜರ್ಮನ್ ಸೇನೆ ಪ್ರಾಗನ್ನು ಪ್ರವೇಶಿಸಿತು.

ಅಲ್ಲಿಂದ ಮುಂದೆ ಮಕ್ಕಳನ್ನು ಹೊರಡಿಸಲು ಜರ್ಮನರ ಗುಪ್ತ ಪೊಲೀಸರಾದ ಗೆಸ್ಟಾಪೊದವರ ಒಪ್ಪಿಗೆ ಬೇಕಾಯಿತು. ಚ್ಯಾಡ್ವಿಕ್ ಅವರ ಅಧಿಕಾರಿಯ ಬಳಿಗೆ ಹೋಗಿ ಕುಳಿತು ಮಾತನಾಡಿ, ಒಪ್ಪಿಗೆಯನ್ನು ಪಡೆದೂ ಬಂದನು. ಯೆಹೂದಿಗಳು ದೇಶ ಬಿಟ್ಟು ಹೋಗುವುದೇ ಅಂದಿಗೆ ಜರ್ಮನರಿಗೆ ಬೇಕಾಗಿತ್ತು. ಕೊಂದೇ ತೀರಬೇಕೆಂಬ ನಿಶ್ಚಯ ಆಗಿನ್ನೂ ಆಗಿರಲಿಲ್ಲ. ತೊಡಕಾದುದು ಲಂಡನ್ನಿನ ಗೃಹಖಾತೆಯಿಂದ. ಪ್ರಾಗಿನಲ್ಲಿ ಗಾಡಿಯ ದಿನ ನಿಶ್ಚಯವಾಗಿದ್ದರೂ ಪರವಾನಗಿಗಳು ಬಂದು ಮುಟ್ಟುತ್ತಿರಲಿಲ್ಲ. ನೀರಿಗಿಳಿದವನಿಗೆ ಮಳೆಯೇನು, ಚಳಿಯೇನು? ಥೇಟು ನಿಜವಾದವುಗಳಂತೆ ಕಾಣುವ ಪರವಾನಗಿಗಳು ತಯಾರಾದವು. ಮಕ್ಕಳು ಅವುಗಳನ್ನು ಹಿಡಿದೇ ಜರ್ಮನಿಯನ್ನು ದಾಟಿದರು.

ಮಾರ್ಚಿನಿಂದ ಆಗಸ್ಟಿನವರೆಗೆ ಏಳು ರೈಲುಗಳು ಹೋದವು. ನ್ಯೂರೆಂಬರ್ಗ್, ಕೊಲೋನ್ ಮಾರ್ಗವಾಗಿ ಹಾಲೆಂಡಿನ ಕಡಲತೀರ, ಅಲ್ಲಿಂದ ಹಡಗಿನಲ್ಲಿ ಇಂಗ್ಲೆಂಡಿನ ಹ್ಯಾರಿಚ್ ಬಂದರು, ಮತ್ತೆ ರೈಲಿನಲ್ಲಿ ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣ. ಜುಲೈ 1ರ ಸುಮಾರಿಗೆ ಹೊರಟ ಗಾಡಿಯೊಂದರಲ್ಲಿಯೇ 241 ಮಕ್ಕಳು.

ಬೇಸಿಗೆಯ ರಜೆಗೆಂದು ಮಗುವನ್ನು ಅಜ್ಜನ ಊರಿನ ಗಾಡಿ ಹತ್ತಿಸುವಾಗಲೂ ತಾಯಂದಿರು ಕಿಟಕಿಯ ಸರಳು ಹಿಡಿದು ಹತ್ತು ಸಲ ಎಚ್ಚರ ಹೇಳುತ್ತಾರೆ. ಗಾಡಿ ಮರೆಯಾದ ಮೇಲೆ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ಆ ಮಗು ಎರಡು ತಿಂಗಳಲ್ಲಿ ಮಾವಿನ ಕಾಯಿಯ ಚೀಲದೊಡನೆ ಹಿಂದಿರುಗುವುದೆಂಬುದು ಎಲ್ಲರಿಗೂ ಗೊತ್ತು. ವಿಲ್ಸನ್ ನಿಲ್ದಾಣದಲ್ಲಿ ನಿಂತಿದ್ದ ತಾಯಂದಿರು ಅಳಬಾರದೆಂದು ತಮಗೆ ತಾವೇ ಆಣೆಯಿಟ್ಟುಕೊಂಡಿದ್ದರು. ಬೇಗ ಬಂದು ಸೇರಿಕೊಳ್ಳುವೆವೆಂದು ಮಕ್ಕಳಿಗೆ ಹೇಳಿದ್ದರು. ಕೆಲವರು ತಾವೂ ಅದನ್ನು ನಂಬಿದ್ದರು.

ಆಲ್ಫ್ ಡಬ್ಸ್ ಆಗ ಆರು ವರ್ಷದ ಹುಡುಗ. ತಾಯಿ ಪ್ರಯಾಣಕ್ಕೆಂದು ಕಟ್ಟಿಕೊಟ್ಟ ತಿಂಡಿಯ ಚೀಲವನ್ನು ಎರಡು ದಿನವೂ ಬಿಚ್ಚಲೇ ಇಲ್ಲವೆಂಬುದನ್ನು ಆತ ವೃದ್ಧಾಪ್ಯದಲ್ಲಿಯೂ ಹೇಳಿಕೊಂಡಿದ್ದಾನೆ. ಗಾಡಿ ಹಾಲೆಂಡಿನ ಗಡಿ ದಾಟಿದಾಗ ದೊಡ್ಡ ಮಕ್ಕಳು ಹರ್ಷದಿಂದ ಕೂಗಿದರು. ಏನೋ ಮಹತ್ವದ್ದು ನಡೆಯಿತೆಂಬುದಷ್ಟೇ ಈ ಹುಡುಗನಿಗೆ ತಿಳಿಯಿತು. ಹಾಲೆಂಡೆಂದರೆ ಗಾಳಿಯಂತ್ರಗಳು, ಮರದ ಪಾದರಕ್ಷೆಗಳು ಎಂದು ಕೇಳಿದ್ದುದರಿಂದ ಆತ ಕಿಟಕಿಯಲ್ಲಿ ಅವುಗಳನ್ನೇ ಹುಡುಕುತ್ತ ಕುಳಿತನು. ಈ ಹುಡುಗನೇ ಮುಂದೆ ಬ್ರಿಟಿಷ್ ಪಾರ್ಲಿಮೆಂಟಿನ ಮೇಲ್ಮನೆಯ ಸದಸ್ಯನಾಗಿ, ಯೂರೋಪಿನಲ್ಲಿ ಒಂಟಿಯಾಗಿ ಅಲೆಯುತ್ತಿದ್ದ ನಿರಾಶ್ರಿತ ಮಕ್ಕಳನ್ನು ಸ್ವೀಕರಿಸಬೇಕೆಂದು 2016ರಲ್ಲಿ ಕಾನೂನಿಗೊಂದು ತಿದ್ದುಪಡಿ ತಂದನು. ಆ ದಾರಿಯಲ್ಲಿ ಒಳಬಂದವರು 480 ಮಕ್ಕಳು. ಅಷ್ಟಕ್ಕೆ ಸರಕಾರ ಬಾಗಿಲು ಹಾಕಿಕೊಂಡಿತು.

ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ಮಕ್ಕಳು ಕೊರಳಲ್ಲಿ ಹೆಸರಿನ ಚೀಟಿ ಕಟ್ಟಿಕೊಂಡು ಬೆಂಚುಗಳ ಮೇಲೆ ಕುಳಿತಿರುವರು. ಒಂದೊಂದೇ ಹೆಸರು ಕೂಗುವರು. ಅಪರಿಚಿತರೊಬ್ಬರು ಮುಂದೆ ಬಂದು ಕೈ ಹಿಡಿದುಕೊಂಡು ಹೋಗುವರು. ಮಗುವಿಗೆ ಇಂಗ್ಲಿಷ್ ಬಾರದು. ಅವರಿಗೆ ಚೆಕ್ ಬಾರದು. ವಿಂಟನ್ ಒಂದು ಮೂಲೆಯಲ್ಲಿ ಪಟ್ಟಿಯನ್ನು ಹಿಡಿದು ನಿಂತು, ಒಪ್ಪಿಸಿದುದಕ್ಕೆ ರುಜು ಪಡೆಯುವನು.

ಕಥೆಯಲ್ಲಿ ಮರೆತುಹೋಗುವವರು ಈ ಕೈ ಹಿಡಿದವರೇ. ಇವರಲ್ಲಿ ಸಿರಿವಂತರೂ ಇದ್ದರು. ಆದರೆ ಅನೇಕರು ಕೈಯಿಂದ ಬಾಯಿಗೆ ಎನ್ನುವಂತೆ ಬದುಕುತ್ತಿದ್ದವರು. ವೇರಾ ಗಿಸಿಂಗ್ ಎಂಬ ಬಾಲಕಿಯನ್ನು ಲಿವರ್‌ಪೂಲ್ ಬಳಿಯ ಒಂದು ಸಾಧಾರಣ ಮನೆಯವರು ಕರೆದೊಯ್ದರು. ಹಣ ಕಡಿಮೆ, ಮನಸ್ಸು ದೊಡ್ಡದು. ಆಕೆಯ ಹೆತ್ತ ತಾಯಿತಂದೆಗಳಿಬ್ಬರೂ ಯುದ್ಧದಲ್ಲಿ ಉಳಿಯಲಿಲ್ಲ. ಬೆಳೆದ ಮೇಲೊಮ್ಮೆ ಆಕೆ ಸಾಕುತಂದೆಯನ್ನು ತನ್ನನ್ನೇಕೆ ಕರೆದುಕೊಂಡಿರೆಂದು ಕೇಳಿದಳಂತೆ. ಯುದ್ಧವನ್ನು ನಿಲ್ಲಿಸುವುದು ತನ್ನಿಂದಾಗದು, ಒಂದು ಜೀವವನ್ನು ಉಳಿಸುವುದು ಆಗಬಹುದೆಂದು ತೋರಿತು ಎಂಬುದು ಆತನ ಉತ್ತರದ ತಾತ್ಪರ್ಯ. ಎಲ್ಲ ಮನೆಗಳೂ ಹೀಗಿದ್ದವೆಂದು ತಿಳಿಯಬಾರದು. ಕೆಲವೆಡೆ ಹುಡುಗಿಯರು ಸಂಬಳವಿಲ್ಲದ ಮನೆಗೆಲಸದವರಾದರು. ಅಣ್ಣತಮ್ಮಂದಿರು ಬೇರೆ ಬೇರೆ ಊರುಗಳ ಪಾಲಾದರು. ಆರು ತಿಂಗಳಲ್ಲಿ ತಾಯ್ನುಡಿಯನ್ನು ಮರೆತ ಎಳೆಯರೂ ಉಂಟು. ಉಳಿದ ಜೀವಕ್ಕೆ ಇಷ್ಟನ್ನು ತೆರಬೇಕಾಯಿತು.

ಕೊನೆಯ ರೈಲು ಎಲ್ಲಕ್ಕಿಂತ ದೊಡ್ಡದಾಗಬೇಕಾಗಿತ್ತು. 250 ಮಕ್ಕಳು, ಹೊರಡುವ ದಿನ 1939ರ ಸೆಪ್ಟೆಂಬರ್ 1. ಅಂದೇ ಬೆಳಗ್ಗೆ ಜರ್ಮನ್ ಸೇನೆ ಪೋಲೆಂಡಿನ ಮೇಲೆ ಬಿತ್ತು. ಗಡಿಗಳು ಮುಚ್ಚಿದವು. ಗಾಡಿ ಹೊರಡಲಿಲ್ಲ. ಲಂಡನ್ನಿನಲ್ಲಿ 250 ಕುಟುಂಬಗಳು ಕಾದವು. ಆ ಮಕ್ಕಳಲ್ಲಿ ಯುದ್ಧ ಮುಗಿಯುವವರೆಗೆ ಉಳಿದವರನ್ನು ಬೆರಳಲ್ಲಿ ಎಣಿಸಬಹುದು. ಇಂಗ್ಲೆಂಡನ್ನು ಸೇರಿದ ಮಕ್ಕಳ ಸಂಖ್ಯೆ 669 ಎಂದು ಲೆಕ್ಕವಿದೆ. ಆದರೆ ವಿಂಟನ್ನನ ಮನಸ್ಸಿನಲ್ಲಿ ಕಡೆಯವರೆಗೂ ಕುಟುಕುತ್ತಿದ್ದುದು ಈ 250.

ಯುದ್ಧದಲ್ಲಿ ಆತ ಮೊದಲು ರೆಡ್‌ಕ್ರಾಸಿನ ಆಂಬುಲೆನ್ಸ್ ದಳದಲ್ಲಿಯೂ ಆಮೇಲೆ ವಿಮಾನದಳದಲ್ಲಿಯೂ ದುಡಿದನು. ಯುದ್ಧದ ನಂತರ ಅಂತರರಾಷ್ಟ್ರೀಯ ನಿರಾಶ್ರಿತರ ಸಂಸ್ಥೆಯಲ್ಲಿ ದೊರೆತ ಕೆಲಸ ವಿಚಿತ್ರವಾದುದು. ನಾಜಿಗಳು ಕೊಂದವರಿಂದ ಕಿತ್ತುಕೊಂಡಿದ್ದ ಗಡಿಯಾರಗಳು, ಕನ್ನಡಕಗಳು, ಚಿನ್ನದ ಹಲ್ಲುಗಳು ಪೆಟ್ಟಿಗೆಗಟ್ಟಲೆ ಸಿಕ್ಕಿದ್ದವು. ಅವನ್ನು ವಿಲೇವಾರಿ ಮಾಡಿ ಬಂದ ಹಣವನ್ನು ಬದುಕಿ ಉಳಿದವರಿಗೆ ಮುಟ್ಟಿಸಬೇಕು. ಆ ಪೆಟ್ಟಿಗೆಗಳ ಮುಂದೆ ನಿಂತಾಗ ಆತನಿಗೆ ಯಾವ ಮಕ್ಕಳ ತಾಯಂದಿರು ನೆನಪಾದರೋ!

1948ರಲ್ಲಿ ಡೆನ್ಮಾರ್ಕಿನ ಗ್ರೇಟೆ ಎಂಬಾಕೆಯನ್ನು ವಿವಾಹವಾಗಿ ಇಂಗ್ಲೆಂಡಿನ ಮೇಡನ್‌ಹೆಡ್ ಊರಿನಲ್ಲಿ ನೆಲೆಸಿದನು. ಮೂವರು ಮಕ್ಕಳು. ಕಿರಿಯ ಮಗ ರಾಬಿನ್ ಹುಟ್ಟಿನಿಂದಲೇ ಬುದ್ಧಿ ಬೆಳೆಯದ ಕೂಸು; ಡೌನ್ ಸಿಂಡ್ರೋಮ್ ಎಂದು ವೈದ್ಯರು ಹೆಸರಿಸುವ ಸ್ಥಿತಿ. ಅಂಥ ಮಕ್ಕಳನ್ನು ಸಂಸ್ಥೆಗಳಿಗೆ ಸೇರಿಸಿ ಮರೆತುಬಿಡುವುದು ಆ ಕಾಲದ ವಾಡಿಕೆ. ವಿಂಟನ್ ದಂಪತಿಗಳು ಒಪ್ಪದೆ ಮನೆಯಲ್ಲಿಯೇ ಸಾಕಿದರು. ಆರನೆಯ ಹುಟ್ಟುಹಬ್ಬದ ಹಿಂದಿನ ದಿನ ಮಗು ಮಿದುಳುಪೊರೆಯ ಬೇನೆಯಿಂದ ತೀರಿಕೊಂಡಿತು. ತರುವಾಯ ವಿಂಟನ್ ಊರಿನಲ್ಲಿ ಅಂಥ ಮಕ್ಕಳಿಗೂ ಅವರನ್ನು ಸಾಕುವವರಿಗೂ ನೆರವಾಗುವ ಸಂಘವನ್ನು ಕಟ್ಟಿ ಹಲವು ವರ್ಷ ದುಡಿದನು. ವೃದ್ಧರಿಗೆ ವಸತಿಗೃಹಗಳನ್ನೂ ಏರ್ಪಡಿಸಿದನು. 1983ರಲ್ಲಿ ರಾಣಿಯ ಸರಕಾರ ಆತನಿಗೊಂದು ಪದಕವನ್ನು ಕೊಟ್ಟುದು ಆ ವಸತಿಗೃಹಗಳಿಗಾಗಿ. ಪ್ರಾಗಿನ ಮಕ್ಕಳ ಮಾತೇ ಅಂದು ಬರಲಿಲ್ಲ.

ಐವತ್ತು ವರ್ಷ ಹೆಂಡತಿಗೂ ತಿಳಿಸದೆ ಈ ಗುಟ್ಟನ್ನು ಬಚ್ಚಿಟ್ಟನೆಂದು ಜನ ಹೇಳುತ್ತಾರೆ. ಕೇಳಲು ಸೊಗಸಾದ ಮಾತು, ಪೂರ್ಣ ನಿಜವಲ್ಲ. 1954ರಲ್ಲಿ ಊರಿನ ನಗರಸಭೆಗೆ ಸ್ಪರ್ಧಿಸಿದಾಗ ಆತನ ಚುನಾವಣಾ ಕರಪತ್ರದಲ್ಲಿ ಈ ವಿಷಯದ ಉಲ್ಲೇಖವಿತ್ತು. ಯಾರೂ ಲಕ್ಷ್ಯಗೊಡಲಿಲ್ಲ, ಚುನಾವಣೆಯಲ್ಲಿ ಆತ ಸೋತನು. ಜೊತೆಗಿದ್ದ ಸ್ವಯಂಸೇವಕನೊಬ್ಬನು ಪತ್ರಗಳು, ಭಾವಚಿತ್ರಗಳು, ಮಕ್ಕಳ ಹೆಸರುಗಳನ್ನೆಲ್ಲ ಅಂಟಿಸಿ ಒಪ್ಪವಾಗಿ ಮಾಡಿಕೊಟ್ಟಿದ್ದ ಪುಸ್ತಕವೊಂದು ಮಾತ್ರ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಅದು ಎಲಿಸಬೆತ್ ಮ್ಯಾಕ್ಸ್‌ವೆಲ್ ಎಂಬ ಇತಿಹಾಸ ಸಂಶೋಧಕಿಯ ಕೈಸೇರಿ, ಆಕೆ ಅದರಲ್ಲಿದ್ದ ಹಳೆಯ ವಿಳಾಸಗಳಿಗೆಲ್ಲ ಪತ್ರ ಬರೆದಳು. ಬಹುಮಂದಿಯಿಂದ ಉತ್ತರ ಬಂತು.

1988ರಲ್ಲಿ ಬಿ.ಬಿ.ಸಿ. ದೂರದರ್ಶನದವರು ಆತನನ್ನು ಒಂದು ಕಾರ್ಯಕ್ರಮಕ್ಕೆ ಕರೆದು ಪ್ರೇಕ್ಷಕರ ಮೊದಲ ಸಾಲಿನಲ್ಲಿ ಕೂಡಿಸಿದರು. ಪಕ್ಕದಲ್ಲಿ ಕುಳಿತಿದ್ದ ಮಹಿಳೆ ತಾನು ಆ ಮಕ್ಕಳಲ್ಲಿ ಒಬ್ಬಳೆಂದಳು. ಆಕೆ ವೇರಾ ಗಿಸಿಂಗ್. ಅಲ್ಲಿಯವರೆಗೆ ಆಕೆಗೆ ತನ್ನನ್ನು ಕರೆತಂದವನು ಯಾರೆಂಬುದೇ ತಿಳಿದಿರಲಿಲ್ಲ. ಮತ್ತೊಂದು ಸಲ ಕರೆದಾಗ, ಇವನಿಂದ ಬದುಕಿದವರು ಇಲ್ಲಿ ಯಾರಾದರೂ ಇದ್ದಾರೆಯೆ ಎಂದು ಕಾರ್ಯಕ್ರಮ ನಡೆಸುತ್ತಿದ್ದವಳು ಕೇಳಿದಳು. ಸುತ್ತ ಕುಳಿತವರು ಸಾಲುಸಾಲಾಗಿ ಎದ್ದುನಿಂತರು. 78 ವರ್ಷದ ಮುದುಕ ಹಿಂದಿರುಗಿ ನೋಡಿದನು. ಕನ್ನಡಕವನ್ನು ಸರಿಸಿ ಕಣ್ಣೊರಸಿಕೊಂಡನು.

ಅಲ್ಲಿಂದ ಮುಂದೆ ಸನ್ಮಾನಗಳಿಗೆ ಕೊರತೆಯಾಗಲಿಲ್ಲ. 2003ರಲ್ಲಿ ‘ಸರ್’ ಪದವಿ ಬಂತು. 2014ರಲ್ಲಿ ಚೆಕ್ ಗಣರಾಜ್ಯದ ಅತ್ಯುನ್ನತ ಗೌರವ. 2023ರಲ್ಲಿ ಆಂತೊನಿ ಹಾಪ್ಕಿನ್ಸ್ ಅಭಿನಯಿಸಿದ ಚಲನಚಿತ್ರವೂ ಬಂತು. ವಿಂಟನ್ನನಿಗೆ ಈ ಜಯಘೋಷ ಇರುಸುಮುರುಸಾಗುತ್ತಿತ್ತು. ತಾನು ಲಂಡನ್ನಿನಲ್ಲಿ ಕ್ಷೇಮವಾಗಿ ಕುಳಿತು ಕಾಗದ ಬರೆದವನು, ಗೆಸ್ಟಾಪೊದವರ ಎದುರಿಗೆ ನಿಂತವನು ಚ್ಯಾಡ್ವಿಕ್ ಎಂದು ಆತ ಕೇಳಿದವರಿಗೆಲ್ಲ ಹೇಳಿದನು. ಅದು ವಿನಯದ ಮಾತಲ್ಲ, ನಡೆದ ಸಂಗತಿ. ಆದರೆ ಚ್ಯಾಡ್ವಿಕ್ 1979ರಲ್ಲಿಯೇ ತೀರಿಕೊಂಡಿದ್ದನು. ವಾರಿನರ್ 1972ರಲ್ಲಿ. ಬಂಧನದ ಭಯದಿಂದ ಏಪ್ರಿಲಿನಲ್ಲಿ ವಾರಿನರ್ ಪ್ರಾಗನ್ನು ಬಿಡಬೇಕಾದ ಮೇಲೆ ಆಕೆಯ ಕೆಲಸವನ್ನು ಹೊತ್ತು, ಯುದ್ಧದ ಹೊಸ್ತಿಲವರೆಗೂ ಅಲ್ಲಿಯೇ ಉಳಿದವಳು ಬಿಯಾಟ್ರಿಸ್ ವೆಲಿಂಗ್ಟನ್ ಎಂಬ ಕೆನಡದ ಹೆಂಗಸು. ಇವರೆಲ್ಲರಿಗಿಂತ ಮೊದಲೇ ನಿರಾಶ್ರಿತರ ಕೆಲಸವನ್ನು ಕಟ್ಟಿ ನಿಲ್ಲಿಸಿದ್ದವಳು ಪ್ರಾಗಿನವಳೇ ಆದ ಮಾರೀ ಷ್ಮೋಲ್ಕಾ. ಗೆಸ್ಟಾಪೊದವರು ಆಕೆಯನ್ನು ಸೆರೆಯಲ್ಲಿಟ್ಟರು. ಬಿಡುಗಡೆಯಾಗಿ ಲಂಡನ್ ಸೇರಿದ ಆಕೆ 1940ರಲ್ಲಿ ಅಲ್ಲಿಯೇ ಕಣ್ಮುಚ್ಚಿದಳು. ಈ ಹೆಸರುಗಳು ಯಾವ ದೂರದರ್ಶನದಲ್ಲಿಯೂ ಮೊಳಗಲಿಲ್ಲ. ದೀರ್ಘಾಯುಷ್ಯವೂ ಕೀರ್ತಿಗೆ ಒಂದು ಕಾರಣವಾಗುತ್ತದೆ. ಸ್ವಾನೇಜಿನ ಜನರು ತಮ್ಮ ಮಾಸ್ತರನ ಪ್ರತಿಮೆಯನ್ನು ನಿಲ್ಲಿಸಿದುದು 2022ರಲ್ಲಿ, ಆತ ಸತ್ತು ನಲವತ್ತಮೂರು ವರ್ಷಗಳಾದ ಮೇಲೆ.

ವಿಂಟನ್ 106 ವರ್ಷ ಬದುಕಿ, 2015ರ ಜುಲೈ 1ರಂದು ನಿಧನನಾದನು. 2009ರ ಸೆಪ್ಟೆಂಬರಿನಲ್ಲಿ, ಹೊರಡದೆ ಹೋದ ಆ ರೈಲಿನ ಎಪ್ಪತ್ತನೆಯ ವರ್ಷಕ್ಕೆ, ಪ್ರಾಗಿನಿಂದ ಉಗಿಯಂತ್ರದ ಗಾಡಿಯೊಂದು ಅದೇ ದಾರಿ ಹಿಡಿದು ಲಂಡನ್ನಿಗೆ ಬಂದಿತ್ತು. ಅದರಲ್ಲಿ ಬಂದವರು ಅಂದಿನ ಮಕ್ಕಳಲ್ಲಿ ಕೆಲವರು, ಅವರ ಮಕ್ಕಳು, ಮೊಮ್ಮಕ್ಕಳು. ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ನೂರು ವರ್ಷದ ವಿಂಟನ್ ಕೋಲೂರಿಕೊಂಡು ನಿಂತು ಎಲ್ಲರ ಕೈಕುಲುಕಿದನು.

ಪ್ರಾಗಿನ ಆ ನಿಲ್ದಾಣದಲ್ಲಿ 2017ರಿಂದ ಮತ್ತೊಂದು ಸ್ಮಾರಕವಿದೆ. ಅದರಲ್ಲಿ ವಿಂಟನ್ ಇಲ್ಲ, ಚ್ಯಾಡ್ವಿಕ್ ಇಲ್ಲ. 1939ರ ರೈಲುಡಬ್ಬಿಯ ಬಾಗಿಲೊಂದರ ಪ್ರತಿರೂಪ, ಅದಕ್ಕೊಂದು ಗಾಜಿನ ಕಿಟಕಿ. ಗಾಜಿನ ಒಂದು ಬದಿಯಲ್ಲಿ ಒತ್ತಿದ ಪುಟ್ಟ ಅಂಗೈಗಳ ಗುರುತು. ಇನ್ನೊಂದು ಬದಿಯಲ್ಲಿ ದೊಡ್ಡವರ ಅಂಗೈಗಳು.